ಗೇಜಿನ ಮುಳ್ಳು ನಡುಗಬೇಕು

ಯಶವಂತಪುರ ಸ್ಟೇಷನ್ನಿಗೆ ಗಾಡಿ ಬಂದು ನಿಂತಾಗ ಬಹುಪಾಲು ಜನ ತಮ್ಮ ಬೋಗಿ ಎಲ್ಲಿ ಬಂತೆಂದು ಹುಡುಕಿಕೊಂಡು ಓಡುತ್ತಾರೆ. ಒಂದಿಬ್ಬರು ಮಾತ್ರ ಎದುರು ದಿಕ್ಕಿಗೆ, ಎಂಜಿನ್ನಿನ ಕಡೆಗೆ ನಡೆಯುತ್ತಾರೆ. ಹೆಚ್ಚಾಗಿ ಹತ್ತು ಹನ್ನೆರಡು ವರ್ಷದ ಹುಡುಗರು. ಅವರ ಹಿಂದೆ, ಎಳೆದೆಳೆದು ಸೋತ ಅಪ್ಪಂದಿರು. ಪ್ಲಾಟ್‌ಫಾರಂ ಮೇಲೆ ನಿಂತು ಕತ್ತೆತ್ತಿದರೆ ಕಾಣುವುದು ಇಷ್ಟೇ: ಕಿಟಕಿಯಲ್ಲಿ ಡ್ರೈವರರ ಒಂದು ಮೊಣಕೈ, ಅದರಾಚೆ ಒಂದಿಷ್ಟು ಕತ್ತಲು, ಆ ಕತ್ತಲಲ್ಲಿ ಹೊಳೆಯುವ ಒಂದೆರಡು ಗಾಜಿನ ಬಿಲ್ಲೆ. ಅಷ್ಟರಲ್ಲಿ ಹಾರ್ನ್ ಆಗುತ್ತದೆ. ಅಪ್ಪ ಮಗನನ್ನು ಎತ್ತಿಕೊಂಡೇ ಬೋಗಿಗೆ ಓಡುತ್ತಾನೆ. ಒಳಗೆ ಏನಿತ್ತು ಎಂಬ ಕುತೂಹಲ ಮಾತ್ರ ಕೆಲವು ಹುಡುಗರಲ್ಲಿ ಮೀಸೆ ಬಂದ ಮೇಲೂ ಉಳಿದುಬಿಡುತ್ತದೆ.

ಅಂಥವರ ಕೈಗೆ 2001ರಲ್ಲಿ ಒಂದು ಆಟ ಸಿಕ್ಕಿತು. ಮೈಕ್ರೊಸಾಫ್ಟ್ ಕಂಪನಿ ಇಂಗ್ಲೆಂಡಿನ ಕುಜು ಎಂಬ ಸಂಸ್ಥೆಯಿಂದ ತಯಾರಿಸಿ ಮಾರಾಟಕ್ಕೆ ಬಿಟ್ಟ ‘ಟ್ರೇನ್ ಸಿಮ್ಯುಲೇಟರ್’. ಕಂಪ್ಯೂಟರಿನ ಮುಂದೆ ಕೂತು ರೈಲು ಓಡಿಸುವುದು. ಗುಂಡು ಹಾರಿಸುವುದಿಲ್ಲ, ಯಾರನ್ನೂ ಕೊಲ್ಲುವುದಿಲ್ಲ, ಗೆದ್ದೆ ಸೋತೆ ಎಂಬುದೂ ಹೆಚ್ಚಿಲ್ಲ. ಹೊತ್ತಿಗೆ ಸರಿಯಾಗಿ ಸ್ಟೇಷನ್ನಿಗೆ ಮುಟ್ಟಿದರೆ ಅದೇ ಗೆಲುವು. ಅದರಲ್ಲಿದ್ದದ್ದು ಆರು ದಾರಿಗಳು: ಅಮೆರಿಕದ ಎರಡು, ಜಪಾನಿನ ಎರಡು, ಇಂಗ್ಲೆಂಡ್ ಮತ್ತು ಆಸ್ಟ್ರಿಯಾದ ಒಂದೊಂದು. ಭಾರತದ್ದು ಒಂದೂ ಇರಲಿಲ್ಲ. ಆದರೆ ತಯಾರಿಸಿದವರು ಮನೆಯ ಬಾಗಿಲಿಗೆ ಬೀಗ ಹಾಕಿರಲಿಲ್ಲ. ಎಂಜಿನ್ನಿನ ಶಕ್ತಿ ಎಷ್ಟು, ಬ್ರೇಕ್ ಎಷ್ಟು, ಕ್ಯಾಬಿನಲ್ಲಿ ಯಾವ ಮೀಟರು ಎಲ್ಲಿ ಎಂಬುದನ್ನೆಲ್ಲ ಯಾರು ಬೇಕಾದರೂ ತೆರೆದು ಓದಬಹುದಾದ, ತಿದ್ದಬಹುದಾದ ಸಾದಾ ಫೈಲುಗಳಲ್ಲಿ ಬರೆದಿಟ್ಟಿದ್ದರು. ಅಷ್ಟು ಸಾಕಾಯಿತು. ಭಾರತದ ಹವ್ಯಾಸಿಗಳು ತಮ್ಮ ಎಂಜಿನ್, ತಮ್ಮ ಬೋಗಿ, ತಮ್ಮ ಸ್ಟೇಷನ್ನುಗಳನ್ನು ಒಂದೊಂದಾಗಿ ಕಟ್ಟಿ ಒಳಗೆ ತಂದರು. ಮುಂದೆ ಕಂಪನಿಯೇ ಈ ಆಟವನ್ನು ಕೈಬಿಟ್ಟಿತು. ಎರಡನೆಯ ಆವೃತ್ತಿ ಬರುತ್ತದೆಂದು ಎರಡು ಬಾರಿ ಹೇಳಿ ಎರಡು ಬಾರಿಯೂ ನಿಲ್ಲಿಸಿತು. ಹವ್ಯಾಸಿಗಳು ಬಿಡಲಿಲ್ಲ. ಹಳೆಯ ಫೈಲುಗಳನ್ನೇ ಓದಿ ಓಡಿಸುವ, ಕಾಸು ಕೊಡಬೇಕಿಲ್ಲದ ‘ಓಪನ್ ರೈಲ್ಸ್’ ಎಂಬ ತಂತ್ರಾಂಶವನ್ನು ತಾವೇ ಬರೆದುಕೊಂಡರು. ಅದರ ಮೊದಲ ಪೂರ್ಣ ಆವೃತ್ತಿ ಬಂದದ್ದು 2015ರಲ್ಲಿ.

ಮೊದಮೊದಲ ಭಾರತೀಯ ಎಂಜಿನ್ನುಗಳ ವಿಷಯದಲ್ಲಿ ಒಂದು ತಮಾಷೆಯಿತ್ತು. ಹೊರಗಿನಿಂದ ನೋಡಿದರೆ ಅಚ್ಚುಕಟ್ಟಾದ ನಮ್ಮ ಡಬ್ಲ್ಯುಡಿಎಂ-2. ಬಣ್ಣ ನಮ್ಮದು, ನಂಬರು ನಮ್ಮದು, ಹಿಂದಿನ ಬೋಗಿಗಳೂ ನಮ್ಮವೇ. ಒಳಗೆ ಹೋಗಿ ಕೂತರೆ ಅಮೆರಿಕ! ಏಕೆಂದರೆ ಕ್ಯಾಬನ್ನು ಹೊಸದಾಗಿ ಮಾಡುವುದು ಕಷ್ಟದ ಕೆಲಸ. ಆಟದ ಜೊತೆ ಬಂದ ಅಮೆರಿಕದ ಡ್ಯಾಶ್-9 ಎಂಜಿನ್ನಿನ ಕ್ಯಾಬನ್ನೇ ಎರವಲು ಹಾಕಿಕೊಳ್ಳುವುದು ಸುಲಭ. ಹಾಗಾಗಿ ತೆಂಗಿನ ತೋಪುಗಳ ನಡುವೆ ಹೋಗುತ್ತಿರುವ ಪ್ಯಾಸೆಂಜರ್ ಗಾಡಿಯ ವೇಗ ಮೈಲಿಯಲ್ಲಿ, ಬ್ರೇಕಿನ ಒತ್ತಡ ಪೌಂಡಿನಲ್ಲಿ. ಮೈಸೂರು ಪೇಟದ ಕೆಳಗೆ ಕೌಬಾಯ್ ಅಂಗಿ ತೊಟ್ಟಂತೆ. ಆಡುವ ಮಕ್ಕಳಿಗೆ ಇದು ಅಡ್ಡಿಯಾಗಲಿಲ್ಲ. ಪ್ಲಾಟ್‌ಫಾರಂ ಮೇಲೆ ನಿಂತು ಕತ್ತೆತ್ತಿ ನೋಡಿದ್ದ ಹುಡುಗರಿಗೆ ಮಾತ್ರ ಅಡ್ಡಿಯಾಯಿತು. ಅವರಿಗೆ ಬೇಕಾಗಿದ್ದದ್ದೇ ಆ ಕತ್ತಲೊಳಗಿನ ಕೋಣೆ. ಅಲ್ಲಿಂದ ಕ್ಯಾಬ್ ಕಟ್ಟುವ ಹುಚ್ಚು ಶುರುವಾಯಿತು ಎನ್ನಬಹುದು.

ಇದೇನು ಮಹಾ, ಒಳಗೆ ಹೋಗಿ ಒಂದು ಫೋಟೊ ತೆಗೆದರಾಯಿತಲ್ಲ ಎನ್ನಬೇಡಿ. ಎಂಜಿನ್ನಿನ ಕೋಣೆ ಹೊರಗಿನವರಿಗಲ್ಲ. 1989ರ ರೈಲ್ವೆ ಕಾಯ್ದೆಯ 156ನೇ ಕಲಮಿನ ಪ್ರಕಾರ, ಸಿಬ್ಬಂದಿ ಎಚ್ಚರಿಸಿದ ಮೇಲೂ ಎಂಜಿನ್ ಮೇಲೆ ಪ್ರಯಾಣ ಮಾಡುವವನಿಗೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 500 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಕಾಯ್ದೆ ತಪ್ಪೆಂದು ಯಾರೂ ಹೇಳಲಾರರು. ಸಾವಿರಾರು ಜನರ ಪ್ರಾಣ ಹೊತ್ತು ಓಡುವ ಗಾಡಿಯಲ್ಲಿ ಡ್ರೈವರರ ಪಕ್ಕ ಒಬ್ಬ ಹವ್ಯಾಸಿ ಕ್ಯಾಮೆರಾ ಹಿಡಿದು ನಿಂತು ‘ಸಾರ್, ಸ್ವಲ್ಪ ಆ ಕಡೆ ಸರಿಯಿರಿ’ ಎನ್ನುವುದು ಯಾರಿಗೂ ಬೇಡ. ಉಳಿದ ದಾರಿ ಎರಡು. ಅನುಮತಿ ಪಡೆದು ಶೆಡ್ಡಿನಲ್ಲಿ ನಿಂತ ಎಂಜಿನ್ನನ್ನು ನೋಡುವುದು, ಇಲ್ಲವೆ ಮ್ಯೂಸಿಯಂ. ನಮಗೆ ಹತ್ತಿರದ್ದೆಂದರೆ 1979ರಲ್ಲಿ ತೆರೆದ ಮೈಸೂರಿನ ರೈಲು ಮ್ಯೂಸಿಯಂ.

ಎರಡರಲ್ಲೂ ಒಂದೇ ತೊಂದರೆ. ನಿಂತ ಎಂಜಿನ್ನಿನಲ್ಲಿ ಎಲ್ಲ ಮುಳ್ಳುಗಳೂ ಸೊನ್ನೆಯ ಮೇಲೆ ಮಲಗಿರುತ್ತವೆ. ದೀಪಗಳು ಆರಿರುತ್ತವೆ. ರಿವರ್ಸರ್ ಹ್ಯಾಂಡಲ್ಲನ್ನು, ಅಂದರೆ ಮುಂದಕ್ಕೋ ಹಿಂದಕ್ಕೋ ಎಂದು ತಿಳಿಸುವ ಹಿಡಿಯನ್ನು, ಡ್ರೈವರರು ಇಳಿಯುವಾಗ ಕಳಚಿಕೊಂಡು ಹೋಗಿರುತ್ತಾರೆ. ಅಲ್ಲೊಂದು ತೂತು ಮಾತ್ರ ಇರುತ್ತದೆ. ಹೀಗಾಗಿ ಎಷ್ಟೇ ಒಳ್ಳೆಯ ಕ್ಯಾಮೆರಾದಲ್ಲಿ ತೆಗೆದರೂ ಸಿಗುವುದು ಮಲಗಿದ ಎಂಜಿನ್ನಿನ ಚಿತ್ರ. ಅದನ್ನು ಎಬ್ಬಿಸಬೇಕಾದ್ದು ಮನೆಯಲ್ಲಿ, ಕಂಪ್ಯೂಟರಿನ ಮುಂದೆ.

ಚಿತ್ರ ತೆಗೆಯುವ ಕಷ್ಟವೂ ಬೇರೆ ಇದೆ. ಕ್ಯಾಬು ಕಿರಿದು. ಒಂದೇ ಚಿತ್ರದಲ್ಲಿ ಎಲ್ಲ ಹಿಡಿಸಬೇಕೆಂದು ಅಗಲ ನೋಟದ ಲೆನ್ಸ್ ಹಾಕಿದರೆ ಅಂಚಿನ ಮೀಟರುಗಳೆಲ್ಲ ಮೊಟ್ಟೆಯಾಗುತ್ತವೆ. ಬಿಡಿಬಿಡಿಯಾಗಿ ತೆಗೆದು ಜೋಡಿಸಿದರೆ ಕಿಟಕಿಯ ಚೌಕಟ್ಟು ಎಲ್ಲೋ ಒಂದು ಕಡೆ ಮುರಿಯುತ್ತದೆ. ಒಳಗೆ ಮಬ್ಬು, ಹೊರಗೆ ಬಿಸಿಲು. ಮೀಟರಿಗೆ ಬೆಳಕು ಹೊಂದಿಸಿದರೆ ಕಿಟಕಿ ಬಿಳಿ ಹಾಳೆ. ಆದರೆ ಕಿಟಕಿ ಹೇಗಿದ್ದರೂ ಚಿಂತೆಯಿಲ್ಲ, ಅದನ್ನು ಕತ್ತರಿಸಿ ತೆಗೆಯುವುದೇ ಸರಿ: ಅಲ್ಲಿ ಆಟದ ಹಳಿ, ಆಟದ ಆಕಾಶ ಕಾಣಬೇಕಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಕಣ್ಣಿನ ಎತ್ತರ. ನಿಂತುಕೊಂಡು ತೆಗೆದ ಚಿತ್ರ ಎಷ್ಟು ಚೆನ್ನಾಗಿದ್ದರೂ ಕೆಲಸಕ್ಕೆ ಬಾರದು. ಡ್ರೈವರರು ಕೂರುವ ಸೀಟಿನಲ್ಲಿ ಕೂತು, ಅವರ ಕಣ್ಣಿರುವಲ್ಲಿ ಕ್ಯಾಮೆರಾ ಇಟ್ಟು ತೆಗೆಯಬೇಕು. ಅರ್ಧ ಅಡಿ ಹೆಚ್ಚುಕಡಿಮೆಯಾದರೂ ಹಳಿ ಎಂಜಿನ್ನಿನ ಮೂತಿಯಿಂದ ಹೊರಡುವ ಜಾಗ ತಪ್ಪುತ್ತದೆ. ಆಗ ಇಡೀ ಗಾಡಿ ಪಕ್ಕದ ಹೊಲದಲ್ಲಿ ಓಡಿದಂತೆ ಕಾಣುತ್ತದೆ.

ಕಟ್ಟುವವರು ಮೊದಲು ಹಿಡಿದದ್ದು ಡಬ್ಲ್ಯುಡಿಎಂ-2 ಮತ್ತು ಅದರ ತಮ್ಮಂದಿರನ್ನು. ಕಾರಣ ಸರಳ. ಒಂದು ಕಾಲಕ್ಕೆ ಡೀಸೆಲ್ ಎಂಜಿನ್ ಎಂದರೆ ಇದೇ. ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ. 1962ರಲ್ಲಿ ಹಡಗಿನಲ್ಲಿ ಬಂದದ್ದು, 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ನಮ್ಮವರೇ ಮಾಡಿದ್ದು. ಹದಿನಾರು ಸಿಲಿಂಡರು, 2600 ಅಶ್ವಶಕ್ತಿ. ಅದನ್ನೇ ತಿದ್ದಿ 3100 ಅಶ್ವಶಕ್ತಿಗೆ ಏರಿಸಿದ್ದು ಡಬ್ಲ್ಯುಡಿಎಂ-3ಎ. ಕೃಷ್ಣರಾಜಪುರದ ಶೆಡ್ಡಿನಲ್ಲಿ ಇವು ಬಹುಕಾಲ ಇದ್ದವು. ಯಲಹಂಕ, ಕೊಡಿಗೇಹಳ್ಳಿ, ಲೊಟ್ಟೆಗೊಲ್ಲಹಳ್ಳಿಯ ಹಳಿಯ ಪಕ್ಕ ಮನೆ ಮಾಡಿದವರಿಗೆ ರಾತ್ರಿ ಹೊತ್ತು ಅವುಗಳ ಗುಡುಗು ಕೇಳಿ ಕೇಳಿ ಜೋಗುಳವಾಗಿತ್ತು.

ಇಂಥದೊಂದರ ಒಳಗೆ ಏನೇನಿದೆ? ಡ್ರೈವರರು ಎಡಗಡೆ ಕೂರುತ್ತಾರೆ. ಸಿಗ್ನಲ್ಲುಗಳು ಸಾಮಾನ್ಯವಾಗಿ ಎಡಕ್ಕೇ ಇರುವುದರಿಂದ ಅದೇ ಅನುಕೂಲ. ಎಂಜಿನ್ ಯಾವ ಕಡೆಗೆ ಓಡಿದರೂ ಎಡಗಡೆಯೇ ಸಿಗಲೆಂದು ಒಂದೇ ಕ್ಯಾಬಿನಲ್ಲಿ ಎರಡು ಕಂಟ್ರೋಲ್ ಸ್ಟ್ಯಾಂಡ್. ಥ್ರಾಟಲ್ ಹಿಡಿಗೆ ಎಂಟು ಮೆಟ್ಟಿಲು. ಅವಕ್ಕೆ ‘ನಾಚ್’ ಎಂದೇ ಹೆಸರು. ಸುಮ್ಮನೆ ನಿಂತಿರುವಾಗ ನಿಮಿಷಕ್ಕೆ 400 ಸುತ್ತು ತಿರುಗುವ ಎಂಜಿನ್ ಎಂಟನೆಯ ನಾಚ್‌ನಲ್ಲಿ 1000 ಸುತ್ತು ತಿರುಗುತ್ತದೆ. ಬ್ರೇಕು ಎರಡು: ಇಡೀ ಗಾಡಿಗೆ ಎ-9, ಎಂಜಿನ್ನಿಗೆ ಮಾತ್ರ ಎಸ್ಎ-9. ಆಮೇಲೆ ಗಾಳಿಯ ಗೇಜುಗಳು: ಟ್ಯಾಂಕಿನ ಒತ್ತಡ 8ರಿಂದ 10 ಕಿಲೋ, ಫೀಡ್ ಪೈಪಿನದು 6, ಬ್ರೇಕ್ ಪೈಪಿನದು 5. ಕಿಲೋ ಎಂದರೆ ಚದರ ಸೆಂಟಿಮೀಟರಿಗೆ ಕಿಲೋಗ್ರಾಂ; ರೈಲಿನವರ ಬಾಯಲ್ಲಿ ಬರೀ ಕಿಲೋ. ಮೋಟಾರಿಗೆ ಹೋಗುವ ವಿದ್ಯುತ್ತು ತೋರಿಸುವ ಆಂಪಿಯರ್ ಮೀಟರು, ವೇಗದ ಮೀಟರು, ಗಾಲಿ ಜಾರಿದರೆ ಹತ್ತುವ ದೀಪ, ಹಾರ್ನು. ಹಳೆಯ ಎಂಜಿನ್ನುಗಳಲ್ಲಿ ವ್ಯಾಕ್ಯೂಮ್ ಬ್ರೇಕಿನ ಗೇಜೂ ಉಂಟು.

ಇನ್ನು ಕಂಪನಿ ಕೊಡದ ಸಾಮಾನುಗಳು. ನೆಲದ ಮೇಲೆ ಡ್ರೈವರರ ಪೆಟ್ಟಿಗೆ, ಎಲ್ಲೋ ಸಿಕ್ಕಿಸಿದ ಕಾಷನ್ ಆರ್ಡರ್ ಚೀಟಿ, ನೀರಿನ ಬಾಟಲಿ, ಒಂದು ದೇವರ ಪಟ, ಆಯುಧಪೂಜೆಯ ದಿನ ಹಚ್ಚಿದ ಅರಿಶಿನ ಕುಂಕುಮ. ಕುಂಕುಮವನ್ನು ಚಿತ್ರದಲ್ಲಿ ಉಳಿಸಬೇಕೆ ಅಳಿಸಬೇಕೆ ಎಂಬ ಪ್ರಶ್ನೆ ಸಣ್ಣದಲ್ಲ. ಕಾರ್ಖಾನೆಯಿಂದ ಬಂದಾಗ ಅದಿರಲಿಲ್ಲ, ಆದ್ದರಿಂದ ಅಳಿಸಬೇಕು ಎನ್ನುವುದು ಒಂದು ವಾದ. ಕಾರ್ಖಾನೆ ಬಿಟ್ಟ ಮೇಲೆ ಅದಿಲ್ಲದೆ ಓಡಿದ್ದೇ ಇಲ್ಲ ಎನ್ನುವುದು ಇನ್ನೊಂದು. ಎರಡನೆಯದೇ ಸರಿ ಎಂದು ತೋರುತ್ತದೆ.

ಚಿತ್ರ ಸಿದ್ಧವಾಯಿತೆನ್ನಿ. ಈಗ ಹಿಡಿಗಳಿಗೆ ಚಲನೆ ಕೊಡಬೇಕು. ಥ್ರಾಟಲ್ಲಿಗೆ ಐಡಲ್ ಮತ್ತು ಎಂಟು ನಾಚ್ ಸೇರಿ ಒಂಬತ್ತು ಚಿತ್ರ, ಎ-9ಕ್ಕೆ ಐದು ಸ್ಥಾನಗಳ ಚಿತ್ರ. ಒಂದೊಂದನ್ನೂ ಬೇರೆ ಬೇರೆ ಬರೆದು ಒಂದೇ ಹಾಳೆಯಲ್ಲಿ ಸಾಲಾಗಿ ಜೋಡಿಸಬೇಕು. ಹಿಡಿ ಸರಿದಾಗ ಅದರ ಹಿಂದೆ ಮರೆಯಾಗಿದ್ದ ತಗಡು ಕಾಣುತ್ತದಲ್ಲ, ಅದನ್ನೂ ಬರೆಯಬೇಕು. ಮೀಟರಿನಲ್ಲಿ ಮುಳ್ಳನ್ನು ಅಳಿಸಿ ಖಾಲಿ ಬಿಲ್ಲೆ ಮಾಡಿ, ಮುಳ್ಳನ್ನು ಬೇರೆಯಾಗಿ ಇಡಬೇಕು. ಆಮೇಲೆ ಎಲ್ಲವನ್ನೂ ಒಂದು ಫೈಲಿನಲ್ಲಿ ಬರೆಯಬೇಕು: ಈ ಮುಳ್ಳು ಪರದೆಯ ಇಂಥ ಚುಕ್ಕೆಯಲ್ಲಿ, ಇಂಥ ಬಿಂದುವಿನ ಸುತ್ತ, ಇಷ್ಟು ಡಿಗ್ರಿಯಿಂದ ಇಷ್ಟು ಡಿಗ್ರಿಯವರೆಗೆ ತಿರುಗಲಿ, ಅಳತೆ ಕಿಲೋಮೀಟರಿನಲ್ಲಿ. ಈ ಲೆಕ್ಕಕ್ಕೆ ಪರದೆ ಇವತ್ತಿಗೂ 2001ರದೇ: ಅಡ್ಡಕ್ಕೆ 640 ಚುಕ್ಕೆ, ಉದ್ದಕ್ಕೆ 480. ಒಂದು ಬ್ರ್ಯಾಕೆಟ್ ಮುಚ್ಚಲು ಮರೆತರೆ ಎಂಜಿನ್ ಹೊರಡುವುದಿಲ್ಲ. ಫೈಲನ್ನು ಯುನಿಕೋಡ್ ಎಂಬ ರೂಪದಲ್ಲಿ ಉಳಿಸದಿದ್ದರೂ ಹೊರಡುವುದಿಲ್ಲ. ಏಕೆ ಹೊರಡಲಿಲ್ಲ ಎಂದು ಆಟ ಸರಿಯಾಗಿ ಹೇಳುವುದೂ ಇಲ್ಲ. ರಾತ್ರಿಯ ಓಟಕ್ಕೆ ಇದೇ ಚಿತ್ರಗಳನ್ನು ಕತ್ತಲು ಮಾಡಿ ಇನ್ನೊಂದು ಪ್ರತಿ, ಕ್ಯಾಬಿನ ದೀಪ ಹಾಕಿದಾಗಿನದು ಮತ್ತೊಂದು. ಎಡಕ್ಕೆ, ಬಲಕ್ಕೆ ತಿರುಗಿ ನೋಡುವ ಚಿತ್ರಗಳು ಬೇರೆ. ಇಷ್ಟೆಲ್ಲ ಆದಮೇಲೆ ಕಂಪ್ಯೂಟರ್ ಪರದೆಗಳು ಅಗಲವಾದವು. ಚೌಕ ಪರದೆಗೆಂದು ಬರೆದ ಹಳೆಯ ಕ್ಯಾಬುಗಳಲ್ಲಿ ದುಂಡಗಿನ ಗೇಜುಗಳು ಮತ್ತೆ ಮೊಟ್ಟೆಯಾದವು.

ತಿಂಗಳುಗಟ್ಟಲೆ ಸಂಜೆಗಳು ಇದಕ್ಕೆ ಹೋಗುತ್ತವೆ. ಹಣ ಬರುವುದಿಲ್ಲ, ಬಹುಪಾಲು ಜನ ಉಚಿತವಾಗಿಯೇ ಹಂಚುತ್ತಾರೆ. ಮನೆಯವರಿಗೆ ಇದು ಅರ್ಥವಾಗುವುದೂ ಕಷ್ಟ.

ಇಷ್ಟಾದರೂ ಕೆಲಸ ಅರ್ಧವೇ ಆಗಿದೆ. ಉಳಿದ ಅರ್ಧ ಯಾವುದೆಂದು ತಿಳಿಯಬೇಕಾದರೆ, ಮೂವತ್ತು ವರ್ಷ ಎಂಜಿನ್ ನಡೆಸಿ ಈಗ ಯಲಹಂಕದಲ್ಲೋ ಆರ್.ಟಿ. ನಗರದಲ್ಲೋ ಮೊಮ್ಮಕ್ಕಳ ಜೊತೆ ಇರುವ ಡ್ರೈವರರೊಬ್ಬರನ್ನು ಆ ಪರದೆಯ ಮುಂದೆ ಕೂರಿಸಬೇಕು. ಈಗಿನವರಿಗೆ ಲೋಕೊ ಪೈಲಟ್ ಎಂದು ಹೆಸರು. ಹಳಬರು ತಮ್ಮನ್ನು ಡ್ರೈವರ್ ಎಂದೇ ಕರೆದುಕೊಳ್ಳುತ್ತಾರೆ. ಚಿತ್ರ ನೋಡಿ ಅವರಿಗೆ ಖುಷಿಯಾಗುತ್ತದೆ. ಆಮೇಲೆ ಗಾಡಿ ಹೊರಡಿಸಿದಾಗ ಮಾತು ಹೀಗೆ ಸಾಗುವುದುಂಟು:

‘ಏನಪ್ಪಾ, ನಾಚ್ ಹಾಕಿದ ಕೂಡಲೆ ಓಡಿಬಿಡ್ತಲ್ಲ? ಹಿಂದೆ ಗಾಡಿ ಇದೆಯೋ ಇಲ್ಲವೋ?’

‘ಹದಿನೆಂಟು ಬೋಗಿ ಇದೆ ಸಾರ್.’

‘ಹಾಗಾದರೆ ಆಂಪಿಯರ್ ಎಲ್ಲಿ? ಮುಳ್ಳು ಏಳಲೇ ಇಲ್ಲ.’

ಇದು ಚಿತ್ರದ ತಪ್ಪಲ್ಲ, ಮುಳ್ಳಿನ ನಡತೆಯ ತಪ್ಪು. ನಿಜವಾದ ಎಂಜಿನ್ನಿನಲ್ಲಿ ಮೊದಲ ನಾಚ್ ಹಾಕಿದಾಗ ಗಾಡಿ ಅಲ್ಲಾಡುವ ಮೊದಲೇ ಆಂಪಿಯರ್ ಮುಳ್ಳು ಏಳುತ್ತದೆ. ಮೋಟಾರು ಭಾರವನ್ನು ಹೊರಲು ತಿಣುಕುತ್ತಿದೆ ಎಂಬುದಕ್ಕೆ ಅದೇ ಗುರುತು. ಗಾಡಿ ವೇಗ ಹಿಡಿದಂತೆ ಮುಳ್ಳು ತಾನಾಗಿ ಇಳಿಯುತ್ತದೆ. ಒಂದು ವೇಗದಲ್ಲಿ ಮೋಟಾರುಗಳ ಜೋಡಣೆ ಒಳಗೊಳಗೇ ಬದಲಾಗುತ್ತದೆ, ಟ್ರಾನ್ಸಿಷನ್ ಎನ್ನುತ್ತಾರೆ. ಆಗ ಮುಳ್ಳು ಒಮ್ಮೆ ಕುಸಿದು ಮತ್ತೆ ಏಳುತ್ತದೆ. ಅನುಭವಸ್ಥ ಡ್ರೈವರರು ವೇಗದ ಮೀಟರಿಗಿಂತ ಹೆಚ್ಚಾಗಿ ಇದನ್ನೇ ನೋಡುತ್ತಾರೆ. ಬ್ರೇಕಿನದೂ ಹಾಗೆಯೇ. ಬ್ರೇಕ್ ಹಾಕುವುದೆಂದರೆ ಪೈಪಿನಿಂದ ಗಾಳಿ ಬಿಡುವುದು. ಬಿಡಿಸುವುದೆಂದರೆ ಮತ್ತೆ ತುಂಬುವುದು. ಕಿಲೋಮೀಟರಿನ ಮುಕ್ಕಾಲು ಪಾಲು ಉದ್ದದ ಗೂಡ್ಸ್ ಗಾಡಿಯ ಪೈಪ್ ತುಂಬಬೇಕಾದರೆ ಹೊತ್ತು ಹಿಡಿಯುತ್ತದೆ. ಮುಳ್ಳು ನಾಲ್ಕೂವರೆಯಿಂದ ಐದಕ್ಕೆ ತೆವಳುತ್ತ ಬರಬೇಕು. ಆಟದಲ್ಲಿ ಅದು ಚಂಗನೆ ಹಾರಿದರೆ ಡ್ರೈವರರಿಗೆ ನಗು ಬರುತ್ತದೆ. ಕಾಯುವುದೇ ಅವರ ಕೆಲಸದ ಮುಖ್ಯ ಭಾಗವಾಗಿತ್ತು. ಅದನ್ನೇ ಆಟ ಬಿಟ್ಟುಬಿಟ್ಟಿದೆ.

ಮತ್ತೊಂದು ಸಂಗತಿ: ನಿಜದ ಮುಳ್ಳು ಒಂದೆಡೆ ನಿಲ್ಲುವುದಿಲ್ಲ. ಹದಿನಾರು ಸಿಲಿಂಡರಿನ ಎಂಜಿನ್ ಪಕ್ಕದಲ್ಲೇ ಕುಣಿಯುವಾಗ ಕ್ಯಾಬಿನಲ್ಲಿರುವುದೆಲ್ಲ ನಡುಗುತ್ತಿರುತ್ತದೆ. ಮುಳ್ಳೂ ನಡುಗುತ್ತದೆ. ಗೀಟಿಗೆ ಸರಿಯಾಗಿ ನಿಂತ ಮುಳ್ಳನ್ನು ಕಂಡರೆ ಹಳಬರಿಗೆ ಗೇಜು ಕೆಟ್ಟಿದೆಯೇನೋ ಎಂಬ ಅನುಮಾನ!

ವೇಗದ ಮೀಟರಿನ ಕತೆ ಯಲಹಂಕದವರಿಗೆ ಹತ್ತಿರದ್ದು. ಅಲ್ಲಿನ ರೈಲು ಗಾಲಿ ಕಾರ್ಖಾನೆ ಶುರುವಾದದ್ದು 1984ರಲ್ಲಿ, ಗಾಲಿ ಮತ್ತು ಅಚ್ಚು ಕಾರ್ಖಾನೆ ಎಂಬ ಹೆಸರಿನಲ್ಲಿ. ದೇಶದ ಉದ್ದಗಲಕ್ಕೆ ಓಡುವ ವ್ಯಾಗನ್ನು, ಬೋಗಿಗಳ ಅಡಿಯ ಗಾಲಿ ಎರಕ ಹೊಯ್ಯುವ ಊರು ಅದು. ಗಾಲಿ ಎಂಬುದು ಓಡಿದಂತೆ ಸವೆಯುವ ವಸ್ತು. ನಮ್ಮ ಎಂಜಿನ್ ಗಾಲಿಯ ವ್ಯಾಸ ಹೊಸದರಲ್ಲಿ 1092 ಮಿಲಿಮೀಟರು. ಸವೆದು 1016ಕ್ಕೆ ಬಂದರೆ ಆಯುಸ್ಸು ಮುಗಿಯಿತು. ಗಾಲಿ ಎಷ್ಟು ಸುತ್ತು ತಿರುಗಿತೆಂದು ಎಣಿಸಿ ವೇಗ ಹೇಳುವ ಮೀಟರಿಗೆ ಗಾಲಿ ಸವೆದದ್ದು ತಾನಾಗಿ ಗೊತ್ತಾಗುವುದಿಲ್ಲ. ಹೊಸ ಗಾಲಿಯ ಲೆಕ್ಕದಲ್ಲೇ ಬಿಟ್ಟರೆ, ಮುಳ್ಳು 100 ತೋರಿಸುವಾಗ ಗಾಡಿ ನಿಜವಾಗಿ ಓಡುತ್ತಿರುವುದು 93ರಲ್ಲಿ. ಅದಕ್ಕೇ ಶೆಡ್ಡಿನಲ್ಲಿ ಗಾಲಿಯ ವ್ಯಾಸವನ್ನು ಅಳೆದು ಮೀಟರಿಗೆ ತಿಳಿಸಬೇಕಾಗುತ್ತದೆ. ಆಟದ ಫೈಲಿನಲ್ಲೂ ಗಾಲಿಯ ತ್ರಿಜ್ಯ ಬರೆಯಲು ಒಂದು ಸಾಲು ಇದೆ. ಹೆಚ್ಚಿನವರು ಅಲ್ಲಿ ಎಲ್ಲಿಂದಲೋ ಎತ್ತಿದ ಒಂದು ಅಂಕಿ ಬರೆದು ಮುಂದೆ ಹೋಗುತ್ತಾರೆ. ಶ್ರದ್ಧೆಯುಳ್ಳವರು ಸವೆದ ಗಾಲಿಯ ಅಳತೆಯನ್ನೇ ಹಾಕುತ್ತಾರೆ.

ಕಾಣುವುದನ್ನು ತೋರಿಸುವುದಾಯಿತು. ಕಾಣದ್ದನ್ನು? ಡಬ್ಲ್ಯುಡಿಎಂ-2ರ ಕ್ಯಾಬು ಎಂಜಿನ್ನಿನ ಒಂದು ತುದಿಯ ಹತ್ತಿರ ಇರುತ್ತದೆ. ಒಂದು ಕಡೆ ಗಿಡ್ಡ ಮೂತಿ, ಇನ್ನೊಂದು ಕಡೆ ಉದ್ದ ಮೂತಿ. ಗಿಡ್ಡ ಮೂತಿ ಮುಂದಾಗಿ ಓಡುವಾಗ ಪರವಾಗಿಲ್ಲ. ಉದ್ದ ಮೂತಿ ಮುಂದಾದರೆ ಡ್ರೈವರರ ಎದುರು ಅರ್ಧ ಜಗತ್ತು ಬರೀ ತಗಡು. ಎಡಗಡೆಯ ಒಂದು ಸೀಳಿನಲ್ಲಿ ಮಾತ್ರ ಹಳಿ ಕಾಣುತ್ತದೆ. ಹಳಿ ಬಲಕ್ಕೆ ತಿರುಗಿತೋ, ಅದೂ ಮಾಯ. ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ಗುಡ್ಡಗಳ ನಡುವೆ ಹಳಿ ಹೇಗೆ ಹೊರಳಾಡುತ್ತದೆಂದು ಆ ದಾರಿಯಲ್ಲಿ ಹೋದವರಿಗೆ ಗೊತ್ತು. ಅಂಥ ತಿರುವಿನಲ್ಲಿ ಬಲಗಡೆ ಕೂತ ಅಸಿಸ್ಟೆಂಟ್‌ನ ಕಣ್ಣೇ ಡ್ರೈವರರ ಕಣ್ಣು. ಸಿಗ್ನಲ್ ಕಂಡೊಡನೆ ಒಬ್ಬರು ಬಣ್ಣ ಕೂಗಿ ಹೇಳುವುದು, ಇನ್ನೊಬ್ಬರು ಅದನ್ನೇ ತಿರುಗಿ ಹೇಳುವುದು ರೈಲಿನ ಕಟ್ಟಳೆ.

ಆಟ ಆಡುವವರಿಗೆ ಈ ನೋಟ ಬೇಡ. ‘ಏನೂ ಕಾಣಿಸುವುದಿಲ್ಲ’ ಎಂಬುದು ಅವರ ದೂರು. ಹಾಗಾಗಿ ಕೆಲವರು ಮೂತಿಯನ್ನು ಕಿರಿದು ಮಾಡುತ್ತಾರೆ, ಕಿಟಕಿಯನ್ನು ಹಿರಿದು ಮಾಡುತ್ತಾರೆ. ಪರದೆ ಚೆಂದವಾಗುತ್ತದೆ, ಎಂಜಿನ್ ಸುಳ್ಳಾಗುತ್ತದೆ. ಕಾಣದಿರುವುದನ್ನು ಕಾಣದಂತೆಯೇ ಬಿಟ್ಟವನ ಕ್ಯಾಬಿಗೆ ಬೆಲೆ ಹೆಚ್ಚು. ಕಂಪ್ಯೂಟರಿನಲ್ಲಿ ಅಸಿಸ್ಟೆಂಟ್ ಇಲ್ಲವಾದ್ದರಿಂದ ಅಲ್ಲಿ ಡ್ರೈವರ್ ಒಂಟಿ. ಈ ಕೊರತೆಯನ್ನು ಮಾತ್ರ ಯಾವ ಚಿತ್ರವೂ ತುಂಬಿಲ್ಲ. ಓಪನ್ ರೈಲ್ಸಿನಲ್ಲಿ ಈಚೆಗೆ ಮೂರು ಆಯಾಮದ ಕ್ಯಾಬುಗಳೂ ಬಂದಿವೆ. ಮೌಸ್ ತಿರುಗಿಸಿದರೆ ಅಸಿಸ್ಟೆಂಟಿನ ಸೀಟು ಕಾಣುತ್ತದೆ. ಖಾಲಿ ಸೀಟು.

ಇಷ್ಟೊಂದು ಪಾಡು ಏತಕ್ಕೆ ಎಂದರೆ, ಯಲಹಂಕದಲ್ಲೇ ಅದಕ್ಕೆ ಉತ್ತರ ಇದೆ. ಅಲ್ಲಿಂದ ದೇವನಹಳ್ಳಿ, ನಂದಿ, ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ಹಳಿ ಒಂದು ಕಾಲಕ್ಕೆ ಎರಡೂವರೆ ಅಡಿಯ ನ್ಯಾರೋಗೇಜು. ಪುಟ್ಟ ಉಗಿ ಎಂಜಿನ್ನುಗಳು ಓಡುತ್ತಿದ್ದವು. ಈಗ ಅದು ಬ್ರಾಡ್‌ಗೇಜು. ನಂದಿ ಹಾಲ್ಟಿನ ಹಳೆಯ ಕಟ್ಟಡ ನೋಡಲು ಜನ ಹೋಗುತ್ತಾರೆ. ಯಶವಂತಪುರದ ಮೀಟರ್‌ಗೇಜೂ ಹಾಗೆಯೇ ಹೋಯಿತು. ಆ ಎಂಜಿನ್ನುಗಳ ಫೋಟೊಗಳು ಇಲ್ಲವೆಂದಲ್ಲ. ಆದರೆ ಹೆಚ್ಚಿನವು ಹಳಿಯ ಪಕ್ಕ ನಿಂತು ತೆಗೆದವು. ಡ್ರೈವರ್ ಕೂತ ಜಾಗದಿಂದ ಹೇಗೆ ಕಾಣುತ್ತಿತ್ತು, ಏರು ಹತ್ತುವಾಗ ಉಗಿಯ ಗೇಜಿನ ಮುಳ್ಳು ಎಲ್ಲಿಗೆ ಇಳಿದರೆ ಫೈರ್‌ಮನ್ ಬೈಸಿಕೊಳ್ಳುತ್ತಿದ್ದ, ಇಂಥವನ್ನು ಹೊರಗೆ ನಿಂತು ತೆಗೆದ ಚಿತ್ರ ಹೇಳುವುದಿಲ್ಲ. ಹೇಳಬಲ್ಲವರು ಹೆಚ್ಚು ಮಂದಿ ಉಳಿದಿಲ್ಲ.

ಆಲ್ಕೊಗಳ ಸರದಿಯೂ ಬಂದಿದೆ. ದೇಶದ ಬ್ರಾಡ್‌ಗೇಜ್ ಹಳಿಗಳ ಬಹುಪಾಲಿನ ಮೇಲೆ ಈಗ ವಿದ್ಯುತ್ ತಂತಿ ಬಂದಿದೆ. ಯಲಹಂಕದ ಮೇಲೂ ತಂತಿ ಇದೆ, ವಿದ್ಯುತ್ ಎಂಜಿನ್ನುಗಳು ಬಂದು ಹೋಗುತ್ತವೆ. ಅವುಗಳ ಕ್ಯಾಬು ಬೇರೆಯದೇ ಲೋಕ: ಪರದೆಯ ಮೇಲೆ ಅಕ್ಷರ, ಅಂಕಿ. ಕಂಪ್ಯೂಟರಿನಲ್ಲಿ ಅದನ್ನು ಬರೆಯುವುದು ಒಂದು ರೀತಿಯಲ್ಲಿ ಸುಲಭ, ಪರದೆಯೊಳಗೆ ಇನ್ನೊಂದು ಪರದೆ ಅಷ್ಟೆ. ಆಲ್ಕೊ ಎಂಜಿನ್ನುಗಳನ್ನು ಕಟ್ಟುವುದು ನಿಂತಿದೆ. ಹಳೆಯವು ಒಂದೊಂದಾಗಿ ಗುಜರಿಗೆ ಹೋಗಿವೆ. ಅಲ್ಲೊಂದು ಇಲ್ಲೊಂದು ಎಂಜಿನ್ನನ್ನು ಬಣ್ಣ ಹಚ್ಚಿ ಕಟ್ಟೆಯ ಮೇಲೆ ನಿಲ್ಲಿಸಬಹುದು. ಕಟ್ಟೆಯ ಮೇಲಿನ ಎಂಜಿನ್ನಿನ ಮುಳ್ಳುಗಳು ಏಳುವುದಿಲ್ಲ.

ಆದ್ದರಿಂದ ಈಗ ಕ್ಯಾಬ್ ಕಟ್ಟುವವರಿಗೆ ಕ್ಯಾಮೆರಾಕ್ಕಿಂತ ಹೆಚ್ಚಾಗಿ ಬೇಕಾದವರು ಆ ಹಳೆಯ ಡ್ರೈವರರು. ಅವರಿಗೂ ತಾವು ಬಲ್ಲದ್ದನ್ನು ಕೇಳುವವರು ಸಿಕ್ಕಿದರೆಂಬ ಸಂತೋಷ. ಮಾಮೂಲಾಗಿ ಕೇಳುವವರು ಕೇಳುವುದು ಅಪಘಾತದ ಕತೆಗಳನ್ನು. ಇಲ್ಲಿ ಒಬ್ಬ ಹುಡುಗ ಬಂದು, ಮೂರನೆಯ ನಾಚ್‌ನಲ್ಲಿ ಆಂಪಿಯರ್ ಎಷ್ಟಿರುತ್ತಿತ್ತು ಸಾರ್ ಎಂದು ಕೇಳಿದರೆ, ಅವರು ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ. ಎಷ್ಟು ಭಾರ, ಏರೋ ಇಳಿಜಾರೋ, ಮಳೆಯೋ ಬಿಸಿಲೋ ಎಂದು ತಿರುಗಿ ಕೇಳುತ್ತಾರೆ. ಉತ್ತರ ಆಮೇಲೆ.

ಸಂಜೆ ಕಾಫಿ ಬರುತ್ತದೆ. ಹುಡುಗ ಫೈಲಿನಲ್ಲಿ ಎರಡು ಅಂಕಿ ತಿದ್ದಿ ಗಾಡಿಯನ್ನು ಮತ್ತೆ ಲೊಟ್ಟೆಗೊಲ್ಲಹಳ್ಳಿಯಿಂದ ಹೊರಡಿಸುತ್ತಾನೆ. ಈ ಬಾರಿ ಆಂಪಿಯರ್ ಮುಳ್ಳು ಮೊದಲು ಏಳುತ್ತದೆ, ಬೋಗಿಗಳು ಆಮೇಲೆ ಕದಲುತ್ತವೆ. ಕೊಡಿಗೇಹಳ್ಳಿ ದಾಟಿ ಯಲಹಂಕದ ಸಿಗ್ನಲ್ ಹಳದಿಯಾಗಿ ಕಂಡಾಗ ಡ್ರೈವರರ ಕೈ ಎ-9 ಇರಬೇಕಾದ ಕಡೆಗೆ ತಾನಾಗಿ ಹೋಗುತ್ತದೆ. ಅಲ್ಲಿರುವುದು ಕಾಫಿ ಲೋಟ. ‘ನೀನೇ ಹಾಕಪ್ಪಾ, ಅರ್ಧ ಕಿಲೋ ಸಾಕು’ ಎನ್ನುತ್ತಾರೆ. ಹುಡುಗ ಕೀಲಿ ಒತ್ತುತ್ತಾನೆ. ಇಬ್ಬರೂ ಮುಳ್ಳನ್ನೇ ನೋಡುತ್ತ ಕೂರುತ್ತಾರೆ.